ಹಳೆ ಲ್ಯಾಪ್‌ಟಾಪಿಗೆ ವೈಫೈ ಕಾರ್ಡ್: ಇಂಟೆಲ್ 7260 ಇವತ್ತಿಗೂ ಕೊಳ್ಳುವಂಥದ್ದೇ?

2010ರಿಂದ 2013ರ ನಡುವೆ ಬಂದ ಲ್ಯಾಪ್‌ಟಾಪುಗಳು ಇನ್ನೂ ಎಷ್ಟೋ ಮನೆಗಳಲ್ಲಿ ಕೆಲಸ ಮಾಡುತ್ತಿವೆ. ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿ, ರ್‍ಯಾಮ್ ಅನ್ನು 8 ಜಿಬಿಗೆ ಏರಿಸಿದರೆ ಮಕ್ಕಳ ಓದಿಗೆ, ಲೆಕ್ಕಪತ್ರಕ್ಕೆ, ವಿಡಿಯೊ ಕರೆಗೆ ಧಾರಾಳವಾಗಿ ಸಾಕಾಗುತ್ತವೆ. ಹೀಗೆ ಮಾಡಿದ ಮೇಲೂ ಒಂದು ಕೊರತೆ ಉಳಿದುಬಿಡುತ್ತದೆ. ಮನೆಗೆ 100 ಅಥವಾ 200 ಎಂಬಿಪಿಎಸ್ ಫೈಬರ್ ಬಂದಿರುತ್ತದೆ, ಫೋನಿನಲ್ಲಿ ಅಷ್ಟೂ ಸಿಗುತ್ತದೆ, ಆದರೆ ಲ್ಯಾಪ್‌ಟಾಪಿನಲ್ಲಿ 35–40 ದಾಟುವುದಿಲ್ಲ. ಸಂಜೆ ಹೊತ್ತು ಅದೂ ಇಳಿಯುತ್ತದೆ.

ಇದು ರೌಟರಿನ ತಪ್ಪಲ್ಲ. ಆ ಕಾಲದ ಕಡಿಮೆ ಬೆಲೆಯ ಲ್ಯಾಪ್‌ಟಾಪುಗಳಲ್ಲಿ ಬಹಳಷ್ಟಕ್ಕೆ ಆಥೆರೋಸ್ ಎಆರ್9285, ಬ್ರಾಡ್‌ಕಾಮ್ ಬಿಸಿಎಂ4313ರಂಥ ಕಾರ್ಡ್ ಹಾಕಿರುತ್ತಿದ್ದರು. 2.4 ಮತ್ತು 5 ಗಿಗಾಹರ್ಟ್ಸ್ ಎಂಬ ವೈಫೈ ಬ್ಯಾಂಡುಗಳಲ್ಲಿ (ತರಂಗಪಟ್ಟಿ) ಇವು 2.4ರಲ್ಲಿ ಮಾತ್ರ ಕೆಲಸ ಮಾಡುತ್ತವೆ, ಅದೂ ಒಂದೇ ಸ್ಟ್ರೀಮ್‌ನಲ್ಲಿ, ಅಂದರೆ ಮಾಹಿತಿಯ ಒಂದೇ ಹರಿವಿನಲ್ಲಿ. 20 ಮೆಗಾಹರ್ಟ್ಸ್ ಅಗಲದ ಚಾನೆಲ್‌ನಲ್ಲಿ ಒಂದು ಸ್ಟ್ರೀಮ್‌ಗೆ ಸಿಗುವ ಗರಿಷ್ಠ ಲಿಂಕ್ (ಕಾರ್ಡು ಮತ್ತು ರೌಟರಿನ ನಡುವಿನ ವೇಗ) 72 ಎಂಬಿಪಿಎಸ್. ಕೈಗೆ ಸಿಗುವುದು ಅದರ ಅರ್ಧದ ಆಸುಪಾಸು. ಅಕ್ಕಪಕ್ಕದ ಮನೆಗಳ ಹತ್ತಾರು ರೌಟರುಗಳೂ ಅದೇ 2.4ರಲ್ಲಿ ಕೂಗಾಡುತ್ತಿರುವಾಗ ಆ ಅರ್ಧವೂ ಉಳಿಯುವುದಿಲ್ಲ. ಕೇಬಲ್ ಹಾಕೋಣವೆಂದರೆ, ಇಂಥ ಲ್ಯಾಪ್‌ಟಾಪುಗಳಲ್ಲಿ ಹಲವಕ್ಕೆ ಇರುವುದು 100 ಎಂಬಿಪಿಎಸ್‌ನ ಲ್ಯಾನ್ ಪೋರ್ಟ್.

ಈ ಲ್ಯಾಪ್‌ಟಾಪುಗಳಿಗೆ ಹಾಕಲು ಇಂಟೆಲ್ ಡ್ಯುಯಲ್ ಬ್ಯಾಂಡ್ ವೈರ್‌ಲೆಸ್ ಎಸಿ 7260 ಇವತ್ತಿಗೂ ಸರಿಯಾದ ಕಾರ್ಡ್. ಹೊಸದೇ ಬೇಕೆಂದಿಲ್ಲ, ಇನ್ನೊಂದು ಲ್ಯಾಪ್‌ಟಾಪಿನಿಂದ ಬಿಚ್ಚಿದ್ದೂ ಆಗುತ್ತದೆ. ಆದರೆ ಕೊಳ್ಳುವ ಮೊದಲು ನಿಮ್ಮ ಲ್ಯಾಪ್‌ಟಾಪಿನ ಸ್ಲಾಟ್ (ಕಾರ್ಡ್ ಕೂರುವ ಜಾಗ), ಬಯೋಸ್ (ಆನ್ ಮಾಡಿದೊಡನೆ ಮೊದಲು ಓಡುವ ತಂತ್ರಾಂಶ), ಆಂಟೆನಾ ತಂತಿ ಈ ಮೂರನ್ನೂ ನೋಡಿಕೊಂಡಿರಬೇಕು. ಇವುಗಳಲ್ಲಿ ಒಂದು ಹೊಂದದಿದ್ದರೂ ಎಂಥ ಒಳ್ಳೆಯ ಕಾರ್ಡೂ ಉಪಯೋಗಕ್ಕೆ ಬರುವುದಿಲ್ಲ.

ಮೊದಲು ಕಾರ್ಡನ್ನೇ ನೋಡೋಣ. 2013ರಲ್ಲಿ ಬಂದದ್ದು. 802.11ಎಸಿ (ವೈಫೈ 5), ಎರಡು ಆಂಟೆನಾ, 5 ಗಿಗಾಹರ್ಟ್ಸ್‌ನಲ್ಲಿ 80 ಮೆಗಾಹರ್ಟ್ಸ್ ಚಾನೆಲ್ ಸಿಕ್ಕಾಗ 867 ಎಂಬಿಪಿಎಸ್ ಲಿಂಕ್, ಜೊತೆಗೆ ಬ್ಲೂಟೂತ್ 4.0. ಅರ್ಧ ಅಳತೆಯ ಮಿನಿ ಪಿಸಿಐ ಎಕ್ಸ್‌ಪ್ರೆಸ್ (ಮುಂದೆ ಚಿಕ್ಕದಾಗಿ ಮಿನಿ ಪಿಸಿಐ) ರೂಪದಲ್ಲಿ ಅಗಲ 30 ಮಿಲಿಮೀಟರ್, ಉದ್ದ 26.8 ಮಿಲಿಮೀಟರ್. ಬೆಂಕಿಪೆಟ್ಟಿಗೆಗಿಂತ ಚಿಕ್ಕದು. ಒಂದು ಅಂಚಿನಲ್ಲಿ ಚಿನ್ನದ ಬಣ್ಣದ 52 ಪಿನ್ನುಗಳು, ಎದುರಿನ ಅಂಚಿನಲ್ಲಿ ಎರಡು ಸ್ಕ್ರೂ ತೂತು, ಅದರ ಹತ್ತಿರ ಆಂಟೆನಾ ಸಿಕ್ಕಿಸುವ ಎರಡು ಪುಟ್ಟ ದುಂಡು ಸಾಕೆಟ್. ಅವುಗಳ ಪಕ್ಕದಲ್ಲಿ 1 ಮತ್ತು 2 ಎಂದು ಗುರುತಿರುತ್ತದೆ.

ಇಲ್ಲಿ ಬಹಳ ಜನ ಮೋಸಹೋಗುವುದು ಹೆಸರಿನಲ್ಲಿ. 7260 ಎಂಬ ಸಂಖ್ಯೆ ಒಂದೇ ಆದರೂ ಕಾರ್ಡುಗಳು ಬೇರೆಬೇರೆ. ಸ್ಟಿಕ್ಕರಿನ ಮೇಲೆ ಬರೀ ‘7260ಎಚ್‌ಎಂಡಬ್ಲ್ಯು’ ಎಂದಿದ್ದರೆ ಅದು ಎಸಿ ಕಾರ್ಡ್, ನಿಮಗೆ ಬೇಕಾದದ್ದು ಅದೇ. ಮುಂದೆ ‘ಬಿಎನ್’ ಎಂಬ ಎರಡಕ್ಷರ ಸೇರಿದ್ದರೆ ಅದು 2.4 ಗಿಗಾಹರ್ಟ್ಸ್‌ಗೆ ಮಾತ್ರ, 5 ಗಿಗಾಹರ್ಟ್ಸ್ ಇಲ್ಲವೇ ಇಲ್ಲ. ‘ಎಎನ್’ ಇದ್ದರೆ ಎರಡೂ ಬ್ಯಾಂಡ್ ಉಂಟು, ಆದರೆ ವೇಗ 300ಕ್ಕೇ ನಿಲ್ಲುತ್ತದೆ. ‘7260ಎನ್‌ಜಿಡಬ್ಲ್ಯು’ ಎಂದರೆ ಎಂ.2 ಎಂಬ ಹೊಸ ಬಗೆಯ ಸ್ಲಾಟಿನದು, ಮಿನಿ ಪಿಸಿಐಗೆ ಕೂರುವುದೇ ಇಲ್ಲ. ಬಿಚ್ಚಿ ಮಾರುವವರು ನಾಲ್ಕನ್ನೂ ಒಂದೇ ಡಬ್ಬಿಯಲ್ಲಿ ಹಾಕಿಟ್ಟಿರುತ್ತಾರೆ. ಆನ್‌ಲೈನ್‌ನಲ್ಲಿ ಕೊಳ್ಳುವುದಾದರೆ ಸ್ಟಿಕ್ಕರ್ ಓದುವಷ್ಟು ಸ್ಪಷ್ಟವಾದ ಫೋಟೊ ಕೇಳಿ. ಕೊಡದಿದ್ದರೆ ಕೊಳ್ಳಬೇಡಿ.

ಸ್ಲಾಟ್ ವಿಷಯ ಸುಲಭ. 2012ರವರೆಗಿನ ಲ್ಯಾಪ್‌ಟಾಪುಗಳಲ್ಲಿ ಮಿನಿ ಪಿಸಿಐ ಎಕ್ಸ್‌ಪ್ರೆಸ್ ಇರುತ್ತದೆ, 2013ರಲ್ಲಿ ಎರಡೂ ಬಗೆ ಸಿಗುತ್ತವೆ, ಆಮೇಲೆ ಹೆಚ್ಚಾಗಿ ಎಂ.2. ಬಿಚ್ಚಿ ನೋಡಿದಾಗ ಹಳೆ ಕಾರ್ಡಿನ ಅಗಲ 30 ಮಿಲಿಮೀಟರ್ ಇದ್ದರೆ ಮಿನಿ ಪಿಸಿಐ, 22 ಇದ್ದರೆ ಎಂ.2. ಸ್ಲಾಟ್ ಪೂರ್ತಿ ಅಳತೆಯದಾಗಿದ್ದು ಕಾರ್ಡ್ ಅರ್ಧದ್ದಾದರೆ ನಡುವೆ ಉದ್ದ ಮಾಡುವ ಲೋಹದ ಬ್ರ್ಯಾಕೆಟ್ ಸಿಗುತ್ತದೆ. ಒಂದು ಎಚ್ಚರಿಕೆ: ಕೆಲವು ಲ್ಯಾಪ್‌ಟಾಪುಗಳಲ್ಲಿ 3ಜಿ ಮೋಡೆಮ್‌ಗೆಂದು ಅಥವಾ ಎಂಸಾಟಾ ಎಸ್‌ಎಸ್‌ಡಿಗೆಂದು ಅದೇ ರೂಪದ ಇನ್ನೊಂದು ಸ್ಲಾಟ್ ಇರುತ್ತದೆ. ಅದರಲ್ಲೂ ಕಾರ್ಡ್ ಕೂರುತ್ತದೆ, ಸ್ಕ್ರೂ ಕೂಡ ಬೀಳುತ್ತದೆ. ಆದರೆ ವೈಫೈಗೆ ಬೇಕಾದ ಪಿಸಿಐ ಸಂಪರ್ಕ ಅಲ್ಲಿ ಇರದಿರಬಹುದು, ಆಗ ಕಾರ್ಡ್ ಪತ್ತೆಯೇ ಆಗುವುದಿಲ್ಲ. ಹಳೆ ವೈಫೈ ಕಾರ್ಡ್ ಇದ್ದ ಜಾಗದಲ್ಲೇ ಹೊಸದನ್ನು ಹಾಕಿ.

ನಿಜವಾದ ತೊಡಕು ಬಯೋಸ್. ಲೆನೊವೊ ಮತ್ತು ಎಚ್‌ಪಿ ಆ ವರ್ಷಗಳಲ್ಲಿ ತಾವು ಒಪ್ಪಿದ ಕಾರ್ಡುಗಳ ಪಟ್ಟಿಯೊಂದನ್ನು ಬಯೋಸ್ ಒಳಗೆ ಇಟ್ಟಿದ್ದವು. ವೈಟ್‌ಲಿಸ್ಟ್ ಎನ್ನುವುದು ಇದನ್ನೇ. ಪವರ್ ಒತ್ತಿದಾಗ ಬಯೋಸ್ ಸ್ಲಾಟಿನಲ್ಲಿರುವ ಕಾರ್ಡಿನ ಗುರುತಿನ ಸಂಖ್ಯೆ ಓದುತ್ತದೆ. ಪಟ್ಟಿಯಲ್ಲಿ ಇಲ್ಲವೆಂದರೆ ಅಲ್ಲೇ ನಿಂತುಬಿಡುತ್ತದೆ. ಥಿಂಕ್‌ಪ್ಯಾಡ್‌ಗಳಲ್ಲಿ ಪರದೆಯ ಮೇಲೆ 1802 ಎಂಬ ಸಂಖ್ಯೆಯೊಂದಿಗೆ ‘ಅನುಮತಿ ಇಲ್ಲದ ನೆಟ್‌ವರ್ಕ್ ಕಾರ್ಡ್’ ಎಂಬ ಅರ್ಥದ ಸಂದೇಶ ಬರುತ್ತದೆ, ಎಚ್‌ಪಿಯಲ್ಲಿ 104 ಎಂಬ ಸಂಖ್ಯೆ. ಗಾಬರಿ ಬೇಡ, ಏನೂ ಸುಟ್ಟಿರುವುದಿಲ್ಲ. ಆಫ್ ಮಾಡಿ ಹಳೆ ಕಾರ್ಡ್ ಹಾಕಿದರೆ ಮೊದಲಿನಂತೆ ಏಳುತ್ತದೆ. ಅದೇ ಕಾಲದ ಡೆಲ್ ಲ್ಯಾಟಿಟ್ಯೂಡ್‌ಗಳಲ್ಲಿ, ಉದಾಹರಣೆಗೆ ಇ6420 ಮತ್ತು ಇ6430ರಲ್ಲಿ, ಈ ಕಾಟ ಇಲ್ಲ. ಯಾವ ಕಂಪನಿಯ ಕಾರ್ಡ್ ಹಾಕಿದರೂ ಕೇಳದೆ ಒಪ್ಪಿಕೊಳ್ಳುತ್ತವೆ. ಹಳೆಯ ಲ್ಯಾಪ್‌ಟಾಪ್ ಕೊಳ್ಳುವವರು ಇದೊಂದು ಕಾರಣಕ್ಕೇ ಅವನ್ನು ಮೊದಲು ನೋಡಬೇಕು.

ನಿಮ್ಮದು ಪಟ್ಟಿ ಇರುವ ಯಂತ್ರವಾದರೆ ಆ ಮಾದರಿಯ ಸರ್ವಿಸ್ ಮ್ಯಾನ್ಯುಯಲ್ ತೆರೆದು ವೈರ್‌ಲೆಸ್ ಕಾರ್ಡುಗಳ ಪಟ್ಟಿ ನೋಡಿ. ಲೆನೊವೊದಲ್ಲಿ ಎಫ್‌ಆರ್‌ಯು ಸಂಖ್ಯೆ, ಎಚ್‌ಪಿಯಲ್ಲಿ ಎಸ್‌ಪಿಎಸ್ ಸಂಖ್ಯೆ ಎಂದು ಕೊಟ್ಟಿರುತ್ತಾರೆ. ಅದೇ ಸಂಖ್ಯೆ ಸ್ಟಿಕ್ಕರಿನ ಮೇಲಿರುವ ಕಾರ್ಡನ್ನೇ ಹುಡುಕಿ ತನ್ನಿ. ‘ಚಿಪ್ ಒಂದೇ, ಸಂಖ್ಯೆ ಬೇರೆಯಾದರೇನು’ ಎಂದು ಅಂಗಡಿಯಲ್ಲಿ ಹೇಳುವುದುಂಟು, ಅದನ್ನು ನಂಬಬೇಡಿ. ಚಿಪ್ ಒಂದೇ ಇದ್ದರೂ ಕಾರ್ಡಿನಲ್ಲಿ ಬರೆದಿರುವ ಉಪ ಗುರುತು ಬೇರೆ ಇರಬಹುದು, ಬಯೋಸ್ ಅದನ್ನೂ ನೋಡುತ್ತದೆ. 2012ರ ಥಿಂಕ್‌ಪ್ಯಾಡ್ ಎಕ್ಸ್230, ಟಿ430ಗಳಿಗೆ ಪಟ್ಟಿಯೊಳಗೇ ಸಿಗುವ ಒಳ್ಳೆಯ ಆಯ್ಕೆ ಇಂಟೆಲ್ 6205 ಮತ್ತು 6300. ಎರಡೂ 5 ಗಿಗಾಹರ್ಟ್ಸ್ ಹಿಡಿಯುತ್ತವೆ. 6205ರಲ್ಲಿ ಲಿಂಕ್ 300, ಮೂರು ಆಂಟೆನಾದ 6300ರಲ್ಲಿ 450. ಎರಡರಲ್ಲೂ ಬ್ಲೂಟೂತ್ ಇಲ್ಲ. 100 ಎಂಬಿಪಿಎಸ್ ಪ್ಲ್ಯಾನ್ ಇರುವ ಮನೆಗೆ ಇಷ್ಟು ಸಾಕೇ ಸಾಕು. ಆ ಸರಣಿಯ ಥಿಂಕ್‌ಪ್ಯಾಡ್‌ಗಳ ಪಟ್ಟಿಯನ್ನೇ ಕಿತ್ತುಹಾಕುವ ಒನ್‌ವೈರೈನ್ ಎಂಬ ಉಚಿತ ಉಪಕರಣ ಇದೆ. ಬಯೋಸ್ ಹೊಸ ಆವೃತ್ತಿಯದಾದರೆ ಮೊದಲು ಹಳೆಯದಕ್ಕೆ ಇಳಿಸಬೇಕಾಗುತ್ತದೆ, ನಡುವೆ ಕರೆಂಟ್ ಹೋದರೆ ಬೋರ್ಡೇ ಏಳದಂತಾಗಬಹುದು. ಬ್ಯಾಟರಿ ಸರಿಯಾಗಿ ನಿಲ್ಲದ ಲ್ಯಾಪ್‌ಟಾಪಿನಲ್ಲಿ ಈ ಕೆಲಸಕ್ಕೆ ಕೈಹಾಕಲೇಬೇಡಿ. ಲ್ಯಾಪ್‌ಟಾಪ್ ಆನ್ ಆದ ಮೇಲೆ ಕಾರ್ಡ್ ಸಿಕ್ಕಿಸಿ ಪಟ್ಟಿಯನ್ನು ತಪ್ಪಿಸುವ ಉಪಾಯವೊಂದನ್ನು ಅಲ್ಲಲ್ಲಿ ಹೇಳುತ್ತಾರೆ. ಕರೆಂಟ್ ಹರಿಯುತ್ತಿರುವ ಸ್ಲಾಟಿಗೆ ಕಾರ್ಡ್ ತುರುಕಿದರೆ ಕಾರ್ಡೂ ಹೋದೀತು, ಬೋರ್ಡೂ ಹೋದೀತು.

ಆಂಟೆನಾ ತಂತಿಗಳನ್ನು ಯಾರೂ ಎಣಿಸುವುದಿಲ್ಲ, ಆದರೆ ಅರ್ಧ ದೂರುಗಳ ಮೂಲ ಅಲ್ಲೇ ಇದೆ. ಪರದೆಯ ಸುತ್ತಲಿನ ಚೌಕಟ್ಟಿನಲ್ಲಿ ಆಂಟೆನಾ ಇರುತ್ತದೆ, ಅಲ್ಲಿಂದ ತೆಳು ತಂತಿಗಳು ಕೀಲಿನ ಮೂಲಕ ಇಳಿದು ಕಾರ್ಡಿಗೆ ಬರುತ್ತವೆ. ಸಾಮಾನ್ಯವಾಗಿ ಕಪ್ಪು ಮುಖ್ಯ, ಬಿಳಿ ಎರಡನೆಯದು, ಬೂದು ಮೂರನೆಯದು. ಒಂದೇ ಸ್ಟ್ರೀಮ್‌ನ ಕಾರ್ಡಿನೊಂದಿಗೆ ಬಂದ ಅಗ್ಗದ ಮಾದರಿಗಳಲ್ಲಿ ಕೆಲವಕ್ಕೆ ಒಂದೇ ತಂತಿ ಇರುತ್ತದೆ. ಅಂಥದ್ದಕ್ಕೆ 7260 ಹಾಕಿದರೆ ಲಿಂಕ್ 433ಕ್ಕೆ ನಿಲ್ಲುತ್ತದೆ, ಹಿಡಿತವೂ ಕಡಿಮೆ. ಆಗ ಎರಡನೇ ಆಂಟೆನಾ ತಂದು ಪರದೆಯ ಪ್ಲಾಸ್ಟಿಕ್ ಅಂಚಿನೊಳಗೆ ಅಂಟಿಸಿ ತಂತಿ ಎಳೆಯಬೇಕು, ಅದು ಪರದೆ ಬಿಚ್ಚುವ ಕೆಲಸ. ಎರಡು ತಂತಿ ಇದ್ದರೂ ಆಂಟೆನಾ 2.4ಕ್ಕೆ ಮಾತ್ರ ಮಾಡಿದ್ದಾದರೆ 5 ಗಿಗಾಹರ್ಟ್ಸ್ ಸಿಗ್ನಲ್ ರೌಟರಿನ ಕೋಣೆಯಲ್ಲಿ ಚೆನ್ನಾಗಿದ್ದು ಪಕ್ಕದ ಕೋಣೆಗೆ ಹೋದೊಡನೆ ಕುಸಿಯುತ್ತದೆ. ಇದನ್ನು ಕಾರ್ಡಿನ ದೋಷವೆಂದುಕೊಂಡು ಬದಲಿಸಿ ಬದಲಿಸಿ ಹಾಕುವವರಿದ್ದಾರೆ.

ಹಾಕುವ ಕೆಲಸ ಅರ್ಧ ಗಂಟೆಯದು. ಮೊದಲು ಡ್ರೈವರ್ ಇಳಿಸಿ ಪೆನ್‌ಡ್ರೈವಿನಲ್ಲಿಟ್ಟುಕೊಳ್ಳಿ. ಹಳೆ ಕಾರ್ಡ್ ತೆಗೆದ ಮೇಲೆ ಇಂಟರ್ನೆಟ್ ಇರುವುದಿಲ್ಲ ಎಂಬುದು ಆ ಹೊತ್ತಿಗೇ ನೆನಪಾಗುವುದು. ಮರೆತರೆ ಫೋನನ್ನು ಯುಎಸ್‌ಬಿ ಕೇಬಲ್‌ನಿಂದ ಸೇರಿಸಿ ಟೆದರಿಂಗ್ ಮಾಡಿಕೊಳ್ಳಬಹುದು. ಲ್ಯಾಪ್‌ಟಾಪನ್ನು ಪೂರ್ತಿ ಶಟ್‌ಡೌನ್ ಮಾಡಿ, ಚಾರ್ಜರ್ ಕಿತ್ತು, ಬ್ಯಾಟರಿ ತೆಗೆದು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿಹಿಡಿಯಿರಿ. ಉಳಿದ ಕರೆಂಟ್ ಇಳಿದುಹೋಗಲಿ. ಭೂಮಿಗೆ ತಾಗಿದ ಯಾವುದಾದರೂ ಲೋಹವನ್ನು ಒಮ್ಮೆ ಮುಟ್ಟಿ ಕೆಲಸ ಶುರುಮಾಡಿ. ಕಾರ್ಡ್ ಕೆಲವು ಮಾದರಿಗಳಲ್ಲಿ ಕೆಳಗಿನ ಮುಚ್ಚಳದಡಿ ಇರುತ್ತದೆ, ಕೆಲವದರಲ್ಲಿ ಕೀಬೋರ್ಡ್ ಎತ್ತಬೇಕು. ಕೀಬೋರ್ಡ್ ಎತ್ತುವಾಗ ಅದರ ಅಡಿಯ ರಿಬ್ಬನ್ ಕೇಬಲ್ ಬೋರ್ಡಿಗೆ ಸೇರಿರುವುದನ್ನು ಮರೆಯಬೇಡಿ, ಜೋರಾಗಿ ಎಳೆದರೆ ಹರಿಯುತ್ತದೆ.

ಹೆಚ್ಚು ಹಾಳಾಗುವುದು ಆಂಟೆನಾ ಕನೆಕ್ಟರ್. ಯು.ಎಫ್‌ಎಲ್ ಎಂಬ ಈ ಗುಂಡಿಯನ್ನು ತಯಾರಕರು ಸುಮಾರು 30 ಸಲ ಸಿಕ್ಕಿಸಿ ತೆಗೆಯುವ ಲೆಕ್ಕಕ್ಕೆ ಮಾಡಿರುವುದು, ಅಷ್ಟೆ. ತಂತಿ ಹಿಡಿದು ಎಳೆಯಬೇಡಿ. ಪ್ಲಾಸ್ಟಿಕ್ ಕಡ್ಡಿಯನ್ನೋ ಉಗುರನ್ನೋ ಗುಂಡಿಯ ಅಂಚಿನಡಿ ತೂರಿಸಿ ನೆಟ್ಟಗೆ ಮೇಲಕ್ಕೆ ಎತ್ತಿ. ಓರೆಯಾಗಿ ಎತ್ತಿದರೆ ಸಾಕೆಟ್ಟಿನ ನಡುವಿನ ಕೂದಲೆಳೆಯಂಥ ಪಿನ್ ಬಾಗುತ್ತದೆ, ಆಮೇಲೆ ಸರಿಹೋಗುವುದಿಲ್ಲ. ಎರಡು ಸ್ಕ್ರೂ ಬಿಚ್ಚಿದೊಡನೆ ಹಳೆ ಕಾರ್ಡ್ ತಾನಾಗಿ ಸ್ವಲ್ಪ ಓರೆಯಾಗಿ ಮೇಲೇಳುತ್ತದೆ, ಅದೇ ಕೋನದಲ್ಲಿ ಹೊರಗೆಳೆಯಿರಿ. ಹೊಸದನ್ನೂ ಅದೇ ಕೋನದಲ್ಲಿ, ಚಿನ್ನದ ಪಿನ್ ಕಾಣದಷ್ಟು ಒಳಕ್ಕೆ ತಳ್ಳಿ, ಆಮೇಲೆ ಕೆಳಕ್ಕೆ ಒತ್ತಿ ಸ್ಕ್ರೂ ಹಾಕಿ. ಬಿಚ್ಚಿದ ಹಳೆ ಕಾರ್ಡಾದರೆ ಹಾಕುವ ಮೊದಲು ಪಿನ್ನುಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಕಪ್ಪು ತಂತಿ 1ಕ್ಕೆ, ಬಿಳಿ 2ಕ್ಕೆ. ಗುಂಡಿಯನ್ನು ಸಾಕೆಟ್ಟಿನ ಮೇಲೆ ಸರಿಯಾಗಿ ನಡುವೆ ಕೂರಿಸಿ, ಬೆರಳತುದಿಯಲ್ಲಿ ಮೆಲ್ಲಗೆ ಆಡಿಸಿ ನೋಡಿ. ಜಾರದೆ ನಿಂತಿದೆ ಎನಿಸಿದ ಮೇಲೆ ಒತ್ತಿ. ‘ಟಿಕ್’ ಎನ್ನುವುದು ಕಿವಿಗಿಂತ ಬೆರಳಿಗೆ ತಿಳಿಯುತ್ತದೆ. ಮೂರನೇ ಬೂದು ತಂತಿ ಇದ್ದರೆ ಅದರ ತುದಿಗೆ ಕ್ಯಾಪ್ಟಾನ್ ಟೇಪ್ (ಕರೆಂಟ್ ಹರಿಯಗೊಡದ ತೆಳು ಟೇಪ್) ಸುತ್ತಿ ಬದಿಗಿಡಿ. ಬರಿಯ ಲೋಹ ಬೋರ್ಡಿಗೆ ತಾಗಬಾರದು.

ಲಿನಕ್ಸ್‌ನಲ್ಲಿ 7260ಕ್ಕೆ ಏನೂ ಮಾಡಬೇಕಿಲ್ಲ, ಐಡಬ್ಲ್ಯುಎಲ್‌ವೈಫೈ ಡ್ರೈವರ್ ಕರ್ನೆಲ್‌ನಲ್ಲೇ ಇದೆ. ಉಬುಂಟು, ಮಿಂಟ್‌ಗಳಲ್ಲಿ ಫರ್ಮ್‌ವೇರೂ ಜೊತೆಗೇ ಬರುತ್ತದೆ. ಡೆಬಿಯನ್‌ನಲ್ಲಿ 2023ರ 12ನೇ ಆವೃತ್ತಿಯಿಂದ ಇನ್‌ಸ್ಟಾಲರಿನಲ್ಲೇ ಸೇರಿದೆ, ಅದಕ್ಕೂ ಹಿಂದಿನದಾದರೆ ಫರ್ಮ್‌ವೇರ್ ಪ್ಯಾಕೇಜನ್ನು ಬೇರೆಯಾಗಿ ಹಾಕಬೇಕು. ಸಂಪರ್ಕ ಕಡಿದುಹೋಗುತ್ತಿದ್ದರೆ 802.11ಎನ್ (ಎಸಿಗೂ ಹಿಂದಿನ ವೈಫೈ ಬಗೆ) ಅನ್ನೇ ನಿಲ್ಲಿಸುವ ಆಯ್ಕೆಯೊಂದನ್ನು ಹಳೆಯ ಸಲಹೆಗಳಲ್ಲಿ ಹೇಳಿರುತ್ತಾರೆ. ಅದನ್ನು ಮಾಡಿದರೆ ವೇಗ 54ಕ್ಕೆ ಇಳಿದು ಕಾರ್ಡ್ ಹಾಕಿದ್ದೇ ವ್ಯರ್ಥವಾಗುತ್ತದೆ. ವಿದ್ಯುತ್ ಉಳಿಕೆಯನ್ನು ಮಾತ್ರ ಆಫ್ ಮಾಡಿ ನೋಡಿ, ಹೆಚ್ಚಿನ ಸಲ ಅಷ್ಟಕ್ಕೇ ಸರಿಹೋಗುತ್ತದೆ. ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್ ತೆರೆದು ಕಾರ್ಡಿನ ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ ‘ವಿದ್ಯುತ್ ಉಳಿಸಲು ಇದನ್ನು ಆಫ್ ಮಾಡಬಹುದು’ ಎಂಬ ಟಿಕ್ ತೆಗೆಯಿರಿ. ಅಡ್ವಾನ್ಸ್ಡ್ ಪುಟದಲ್ಲಿ ಪ್ರಿಫರ್ಡ್ ಬ್ಯಾಂಡ್ ಅನ್ನು 5 ಗಿಗಾಹರ್ಟ್ಸ್‌ಗೆ ಇಡಿ. ಇದಾಗದಿದ್ದರೆ ಎರಡೂ ಬ್ಯಾಂಡಿಗೆ ಒಂದೇ ಹೆಸರಿರುವ ರೌಟರುಗಳಲ್ಲಿ ಕಾರ್ಡ್ ಮತ್ತೆ 2.4ಕ್ಕೇ ಹೋಗಿ ಕೂರಬಹುದು.

ರೌಟರಿನಲ್ಲಿ ಭದ್ರತೆಯನ್ನು ಡಬ್ಲ್ಯುಪಿಎ3 (ವೈಫೈ ಪಾಸ್‌ವರ್ಡ್ ಭದ್ರತೆಯ ಹೊಸ ಬಗೆ) ಮಾತ್ರ ಎಂದು ಇಟ್ಟಿದ್ದರೆ ವಿಂಡೋಸ್‌ನಲ್ಲಿ 7260 ಸೇರುವುದಿಲ್ಲ. ಡಬ್ಲ್ಯುಪಿಎ2ಕ್ಕೋ ಎರಡೂ ಬೆರೆತ ಆಯ್ಕೆಗೋ ಬದಲಿಸಿ. ಈ ಕಾರ್ಡಿನ ದೊಡ್ಡ ಕೊರತೆ ಎಂದರೆ ಇದೇ.

ಕಾರ್ಡ್ ಪತ್ತೆಯಾಗಿ, ವೈಫೈ ಮಾತ್ರ ಸದಾ ‘ಹಾರ್ಡ್‌ವೇರ್ ಸ್ವಿಚ್ ಆಫ್’ ಎಂದು ತೋರಿಸುತ್ತಿದ್ದರೆ ಮೊದಲು ಲ್ಯಾಪ್‌ಟಾಪಿನ ಬದಿಯ ಜಾರು ಸ್ವಿಚ್, ಎಫ್‌ಎನ್ ಕೀ ಎರಡನ್ನೂ ನೋಡಿ. ಅವು ಸರಿಯಿದ್ದರೆ ಸಮಸ್ಯೆ 20ನೇ ಪಿನ್ನಿನದು. ಲ್ಯಾಪ್‌ಟಾಪ್ ಕಾರ್ಡಿಗೆ ‘ಆಫ್ ಆಗು’ ಎಂದು ಹೇಳುವುದು ಈ ಪಿನ್ನಿನ ಮೂಲಕವೇ. ಬ್ಲೂಟೂತ್ ಮಾತ್ರ ಕಾಣದಿದ್ದರೆ 51ನೇ ಪಿನ್ನು. ಮಿನಿ ಪಿಸಿಐ ನಿಯಮಾವಳಿಯಲ್ಲಿ 51 ಮೊದಲು ಖಾಲಿ ಇತ್ತು, ಆಮೇಲೆ ಅದನ್ನು ಬ್ಲೂಟೂತ್ ಆಫ್ ಮಾಡಲು ಬಳಸಿದರು. ಹಳೆ ಬೋರ್ಡುಗಳಿಗೆ ಇದು ಗೊತ್ತಿಲ್ಲ, ಆ ಪಿನ್ನನ್ನು ಬೇರೆ ಕೆಲಸಕ್ಕೆ ಜೋಡಿಸಿರುತ್ತವೆ. ಹೊಸ ಕಾರ್ಡ್ ಅದನ್ನು ಆಫ್ ಆಜ್ಞೆ ಎಂದೇ ಓದುತ್ತದೆ. ಎರಡಕ್ಕೂ ಪರಿಹಾರ ಒಂದೇ: ಆ ಪಿನ್ನೊಂದನ್ನು ಟೇಪಿನಿಂದ ಮುಚ್ಚುವುದು. ಬೆಸ ಸಂಖ್ಯೆಗಳು ಕಾರ್ಡಿನ ಮೇಲ್ಬದಿ, ಸಮ ಸಂಖ್ಯೆಗಳು ಅಡಿ. ಪಿನ್ನುಗಳ ಸಾಲನ್ನು ಒಂದು ಕಚ್ಚು ಎರಡು ಭಾಗ ಮಾಡಿರುತ್ತದೆ, ಒಂದು ಚಿಕ್ಕದು, ಒಂದು ಉದ್ದದ್ದು. ಉದ್ದದ ಭಾಗದಲ್ಲಿ, ಅಡಿಬದಿಯಲ್ಲಿ, ಕಚ್ಚಿನಿಂದ ಎರಡನೆಯದು 20. ಅದೇ ಭಾಗದ ಮೇಲ್ಬದಿಯಲ್ಲಿ ಕೊಟ್ಟಕೊನೆಯದು 51. ಪಿನ್ನಿನಿಂದ ಪಿನ್ನಿಗೆ ಅಂತರ 0.8 ಮಿಲಿಮೀಟರ್, ಆದ್ದರಿಂದ ಕ್ಯಾಪ್ಟಾನ್ ಟೇಪನ್ನು ಬ್ಲೇಡಿನಿಂದ ಅಷ್ಟೇ ತೆಳುವಾಗಿ ಸೀಳಿ, ಪಿನ್ ಪೂರ್ತಿ ಮುಚ್ಚಿ ಕಾರ್ಡಿನ ಮೈಮೇಲೂ ಸ್ವಲ್ಪ ಬರುವಂತೆ ಅಂಟಿಸಿ. ತುದಿ ಸಡಿಲ ಬಿಟ್ಟರೆ ಕಾರ್ಡ್ ತಳ್ಳುವಾಗ ಟೇಪ್ ಸುರುಳಿಯಾಗಿ ಸ್ಲಾಟಿನೊಳಗೇ ಉಳಿಯುತ್ತದೆ. ಟೇಪ್ ಹಾಕಿದ ಮೇಲೂ ಬ್ಲೂಟೂತ್ ಬಾರದಿದ್ದರೆ ಆ ಸ್ಲಾಟಿಗೆ ಯುಎಸ್‌ಬಿ ಸಂಪರ್ಕವೇ ಕೊಟ್ಟಿಲ್ಲವೆಂದು ತಿಳಿಯಿರಿ. ಈ ಕಾರ್ಡಿನ ಬ್ಲೂಟೂತ್ ನಡೆಯುವುದು ಸ್ಲಾಟಿನೊಳಗಿನ ಯುಎಸ್‌ಬಿ ತಂತಿಯ ಮೇಲೆ.

ಫಲ ಏನು? ರೌಟರ್ ಇರುವ ಕೋಣೆಯಲ್ಲೇ ಕೂತರೆ, 80 ಮೆಗಾಹರ್ಟ್ಸ್ ಚಾನೆಲ್‌ನಲ್ಲಿ ಲಿಂಕ್ 867 ಎಂದು ತೋರಿಸುತ್ತದೆ. ನಿಜವಾಗಿ ಸಿಗುವುದು ಅದರ ಅರ್ಧ ಅಥವಾ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. 200 ಎಂಬಿಪಿಎಸ್ ಪ್ಲ್ಯಾನ್ ಪೂರ್ತಿ ಬಳಕೆಯಾಗುತ್ತದೆ. ಆದರೆ 5 ಗಿಗಾಹರ್ಟ್ಸ್ ಗೋಡೆಗೆ ಅಂಜುತ್ತದೆ. ಕರಾವಳಿಯ ಮುರಕಲ್ಲಿನ ಗೋಡೆಯಾಗಲಿ, ಹಳೆ ಮನೆಗಳ ಒಂದೂವರೆ ಅಡಿ ದಪ್ಪದ ಮಣ್ಣುಗೋಡೆಯಾಗಲಿ ಎರಡು ಅಡ್ಡ ಬಂದರೆ 2.4ಕ್ಕೇ ಇಳಿಯಬೇಕು. ಅಲ್ಲಿಯೂ 7260ಕ್ಕೆ ಎರಡು ಆಂಟೆನಾ ಇರುವುದರಿಂದ ಹಳೆ ಕಾರ್ಡಿಗಿಂತ ಚೆನ್ನಾಗಿಯೇ ಓಡುತ್ತದೆ. ರೌಟರಿನ ಚಾನೆಲ್ ಅನ್ನು ಆಟೊ ಬಿಡದೆ 36ರಿಂದ 48ರೊಳಗೆ ಇಟ್ಟರೆ ಲ್ಯಾಪ್‌ಟಾಪ್ ನಿದ್ದೆಯಿಂದ ಎದ್ದಾಗ ಬೇಗ ಸೇರುತ್ತದೆ. 52ರಿಂದ 144ರವರೆಗಿನವು ಸಾಮಾನ್ಯವಾಗಿ ರೇಡಾರ್‌ಗೆ ದಾರಿ ಬಿಡಬೇಕಾದ ಚಾನೆಲ್‌ಗಳು, ಅಲ್ಲಿ ಹುಡುಕಾಟ ನಿಧಾನ.

ಇದಕ್ಕಿಂತ ಹೊಸದಾದ ಎಎಕ್ಸ್200 ಹಾಕಬಾರದೇ ಎಂಬ ಪ್ರಶ್ನೆ ಬರುತ್ತದೆ. 2019ರ ಆ ವೈಫೈ 6 ಕಾರ್ಡನ್ನು ಇಂಟೆಲ್ ಮಾಡಿದ್ದು ಎಂ.2 ರೂಪದಲ್ಲಿ ಮಾತ್ರ. ಮಿನಿ ಪಿಸಿಐ ರೂಪದಲ್ಲಿ ಸಿಗುವುದು ಬೇರೆಯವರು ಅದೇ ಚಿಪ್ಪನ್ನು ತಮ್ಮ ಬೋರ್ಡಿನ ಮೇಲೆ ಕೂರಿಸಿದ್ದು, ಇಂಟೆಲ್ ವಾರಂಟಿ ಅದಕ್ಕಿಲ್ಲ. ವಿಂಡೋಸ್ 7 ಡ್ರೈವರ್ ಇಲ್ಲ, 64 ಬಿಟ್‌ನ ವಿಂಡೋಸ್ 10 ಅಥವಾ 11 ಬೇಕು. ಲಿನಕ್ಸ್ ಆದರೆ ಕರ್ನೆಲ್ 5.1 ಅಥವಾ ಅದರ ಮುಂದಿನದು. ಮನೆಯಲ್ಲಿ ವೈಫೈ 6 ರೌಟರ್ ಇದ್ದು 300ಕ್ಕಿಂತ ಹೆಚ್ಚಿನ ಪ್ಲ್ಯಾನ್ ಇದ್ದರೆ, ಅಥವಾ ಡಬ್ಲ್ಯುಪಿಎ3 ಬೇಕೇ ಬೇಕಿದ್ದರೆ ಅದನ್ನು ಕೊಳ್ಳಿ. ಎಂ.2 ಸ್ಲಾಟ್ ಇರುವ ಲ್ಯಾಪ್‌ಟಾಪಿಗಂತೂ ಎಎಕ್ಸ್200 ನೇರ ಆಯ್ಕೆ. ಆದರೆ ಅದರ ಆಂಟೆನಾ ಸಾಕೆಟ್ ಇನ್ನೂ ಚಿಕ್ಕದು, ಮಿನಿ ಪಿಸಿಐ ಕಾಲದ ತಂತಿಯ ಗುಂಡಿ ಅದಕ್ಕೆ ಕೂರುವುದಿಲ್ಲ. ಎಎಕ್ಸ್201 ಎಂಬುದನ್ನು ಮಾತ್ರ ತಪ್ಪಿಯೂ ತರಬೇಡಿ. ನೋಡಲು ಅದೇ ಕಾರ್ಡ್, ಕೂರುವುದೂ ಅದೇ ಸ್ಲಾಟಿಗೆ. ಆದರೆ ಅದು ಅರ್ಧ ಕೆಲಸವನ್ನು ಪ್ರೊಸೆಸರಿನ ಚಿಪ್‌ಸೆಟ್‌ಗೆ ಬಿಟ್ಟಿರುವುದರಿಂದ ಆ ಬಗೆಯ ಹೊಸ ಇಂಟೆಲ್ ಚಿಪ್‌ಸೆಟ್‌ಗಳಲ್ಲಿ ಬಿಟ್ಟು ಬೇರೆಲ್ಲೂ ಏಳುವುದಿಲ್ಲ.

ಬೆಂಗಳೂರಿನಲ್ಲಿ ಇರುವವರಿಗೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರಸ್ತೆ ಹತ್ತಿರವಿದ್ದರೆ ಅಲ್ಲಿಗೇ ಹೋಗುವುದು ಮೇಲು, ಯಾಕೆಂದರೆ ಕಾರ್ಡನ್ನು ಕೈಯಲ್ಲಿ ಹಿಡಿದು ನೋಡಬಹುದು. ಹಳೆ ಕಾರ್ಡನ್ನು ಜೊತೆಗೆ ಒಯ್ದು ಅಗಲ, ಸ್ಕ್ರೂ ತೂತು ತಾಳೆ ನೋಡಿ. ಫೋನಿನ ಕ್ಯಾಮೆರಾವನ್ನು ಜೂಮ್ ಮಾಡಿ ಎರಡೂ ಸಾಕೆಟ್ಟಿನ ನಡುವಿನ ಪಿನ್ ನೆಟ್ಟಗಿದೆಯೇ, ಅಂಚಿನ ಉಂಗುರ ಚಪ್ಪಟೆಯಾಗದೆ ದುಂಡಗಿದೆಯೇ ನೋಡಿ. ಸಾಧ್ಯವಾದರೆ ಅಂಗಡಿಯಲ್ಲೇ ಯಾವುದಾದರೂ ಲ್ಯಾಪ್‌ಟಾಪಿಗೆ ಹಾಕಿಸಿ 5 ಗಿಗಾಹರ್ಟ್ಸ್ ಹೆಸರುಗಳು ಪಟ್ಟಿಯಲ್ಲಿ ಬರುತ್ತವೆಯೇ ಎಂದು ಪರೀಕ್ಷಿಸಿ. ನಿಮ್ಮ ಫೋನಿನ ಹಾಟ್‌ಸ್ಪಾಟನ್ನು 5 ಗಿಗಾಹರ್ಟ್ಸ್‌ಗೆ ಇಟ್ಟರೆ ಅದಕ್ಕೆ ಬೇರೆ ರೌಟರ್ ಹುಡುಕಬೇಕಿಲ್ಲ.